ಗರ್ಭಕಂಠದ ಕ್ಯಾನ್ಸರ್: ಮಠದ ಅಂಗಳದಲ್ಲೇ ಆಗಬೇಕಾದ ಮಾತು



ಈ ಸಂಚಿಕೆಯ ಸಂಪಾದಕೀಯದ ವಿಷಯ ಹೆಣ್ಣುಮಕ್ಕಳ ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್. ಅದು ಹೇಗೆ ಬರುತ್ತದೆ ಎಂದು ಹೇಳಹೊರಟರೆ ಗಂಡುಹೆಣ್ಣಿನ ದೇಹ ಸಂಬಂಧದ ಮಾತನ್ನೂ ಆಡಲೇಬೇಕಾಗುತ್ತದೆ. ಮಠದಿಂದ ಮಠಕ್ಕೆ ಹೋಗುವ, ಪೂಜ್ಯರು ಓದುವ, ಪ್ರಸಾದ ನಿಲಯದ ಮಕ್ಕಳ ಕೈಗೂ ಸಿಗುವ ಪತ್ರಿಕೆಯಲ್ಲಿ ಇದೆಲ್ಲ ಬೇಕೇ ಎಂದು ನಮ್ಮ ಬಳಗದ ಹಿರಿಯರೊಬ್ಬರು ಕೇಳಿದರು. ಬೇಕು ಎಂದೆ. 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಹೊಸದಾಗಿ ಬಂದಿದೆ, ಸುಮಾರು 80 ಸಾವಿರ ಮಂದಿ ಇದರಿಂದ ತೀರಿಕೊಂಡಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು. ದಿನಕ್ಕೆ ಇನ್ನೂರಕ್ಕಿಂತ ಹೆಚ್ಚು ಸಾವು. ಸತ್ತವರಲ್ಲಿ ಬಹುಪಾಲು ತಾಯಂದಿರು ಬದುಕಬಹುದಿತ್ತು. ಹೀಗೆಂದು ಎಲ್ಲ ಕ್ಯಾನ್ಸರಿನ ವಿಷಯದಲ್ಲೂ ಹೇಳಲಾಗುವುದಿಲ್ಲ, ಇದರ ವಿಷಯದಲ್ಲಿ ಹೇಳಬಹುದು.

ನಾನು ವೈದ್ಯನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ನಮ್ಮಲ್ಲಿ ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಣೆಕಟ್ಟೆಯ ತಪಾಸಣೆ ಮಾಡುವ ಪದ್ಧತಿ ಇದೆ. ಮಣ್ಣಿನ ಏರಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದೆಯೋ, ಮಣ್ಣು ಬೆರೆತು ಬರುತ್ತಿದೆಯೋ ಎಂದು ಕೂತು ನೋಡುತ್ತೇವೆ. ತಿಳಿಯಾಗಿದ್ದರೆ ಗುರುತು ಹಾಕಿ ಮತ್ತೆ ಬರುತ್ತೇವೆ. ಮಣ್ಣು ಬೆರೆತಿದ್ದರೆ ಅಂದೇ ಕೆಲಸ ಶುರು. ಏರಿ ಒಡೆದ ಮೇಲೆ ಇಂಜಿನಿಯರಿಗೆ ಮಾಡಲು ಉಳಿಯುವ ಕೆಲಸ ಬಹಳ ಕಡಿಮೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಇದು ಇಡೀ ನಾಡಿಗೆ ಗೊತ್ತಾಯಿತು. ಗರ್ಭಕಂಠದ ಕ್ಯಾನ್ಸರಿನ ಬಗ್ಗೆ ಓದತೊಡಗಿದಾಗ ನನ್ನ ಗಮನ ಸೆಳೆದದ್ದು ಅದು ಕೊಡುವ ಕಾಲಾವಕಾಶ. ವೈರಾಣು ಹೊಕ್ಕ ಮೇಲೆ ಕ್ಯಾನ್ಸರ್ ಆಗಿ ಬಲಿಯಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು. ಅಷ್ಟು ವರ್ಷ ಜಿನುಗು ಕಾಣುವಂತಿರುತ್ತದೆ, ನೋಡುವವರಿದ್ದರೆ.

ಆ ವೈರಾಣುವಿನ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಗರ್ಭಕಂಠದ ಕ್ಯಾನ್ಸರಿಗೆ ಇದೇ ಮೂಲ ಎಂದು ತೋರಿಸಿಕೊಟ್ಟವರು ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್. ಮೊದಮೊದಲು ಅವರ ಮಾತನ್ನು ಒಪ್ಪಿದವರು ಕಡಿಮೆ. 2008ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಪ್ರಶಸ್ತಿ ಬಂತು. ಈ ವೈರಾಣುವಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಬರೀ ನರಹುಲಿ ತರುವಂಥವು. ಸುಮಾರು ಹದಿನಾಲ್ಕು ಬಗೆಗಳು ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಅವುಗಳಲ್ಲೂ 16 ಮತ್ತು 18 ಎಂಬ ಎರಡೇ ಬಗೆಗಳಿಂದ ಗರ್ಭಕಂಠದ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬರುತ್ತವೆ. ಹರಡುವುದು ಲೈಂಗಿಕ ಸಂಪರ್ಕದಲ್ಲಿ, ಚರ್ಮಕ್ಕೆ ಚರ್ಮ ತಾಗಿ. ಕಾಂಡೋಮ್ ಬಳಸಿದರೆ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಸೋಂಕು ತಗುಲಿದವರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ತಾನಾಗಿಯೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಳ್ಳುತ್ತದೆ.

ಇಲ್ಲಿ ಒಂದು ಮಾತನ್ನು ಗಂಡಸರು ನಿಧಾನವಾಗಿ ಓದಬೇಕು. ಲೈಂಗಿಕ ಜೀವನ ನಡೆಸುವ ಬಹುತೇಕ ಎಲ್ಲ ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಎಂದಾದರೊಮ್ಮೆ ಈ ಸೋಂಕು ತಗುಲಿಯೇ ಇರುತ್ತದೆ. ತಗುಲಿದ್ದು ಗೊತ್ತೂ ಆಗುವುದಿಲ್ಲ. ಗಂಡಸಿನಲ್ಲಿ ಏನೂ ಕಾಣದೆ ಇದ್ದು ಹೆಂಡತಿಗೆ ದಾಟಬಹುದು. ಮದುವೆಯ ಹೊಸದರಲ್ಲಿ ದಾಟಿದ್ದು ಮೊಮ್ಮಕ್ಕಳು ಓಡಾಡುವ ಹೊತ್ತಿಗೆ ಕಾಯಿಲೆಯಾಗಿ ಕಾಣಿಸಬಹುದು. ಆದ್ದರಿಂದ ಒಬ್ಬ ಹೆಣ್ಣುಮಗಳಿಗೆ ಈ ರೋಗ ಬಂದಿದೆ ಎಂಬುದು ಅವಳ ನಡತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ತನ್ನ ಗಂಡನನ್ನು ಬಿಟ್ಟು ಇನ್ನೊಬ್ಬರ ಮುಖ ನೋಡದವಳಿಗೂ ಬರುತ್ತದೆ. ಇಷ್ಟು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಕ್ಯಾನ್ಸರಿನ ನೋವಿನ ಮೇಲೆ ಸಂಶಯದ ನೋವನ್ನೂ ಹೇರಲಾಗಿದೆ.

ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ಕಾಲುವೆಯ ಸೌಡಿಯೊಬ್ಬರ ಹೆಂಡತಿಗೆ ಮುಟ್ಟು ನಿಂತು ನಾಲ್ಕೈದು ವರ್ಷವಾಗಿತ್ತು. ಮತ್ತೆ ರಕ್ತ ಕಾಣಿಸಿಕೊಂಡಾಗ ಆಕೆ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಸೊಸೆಗೆ ಗೊತ್ತಾದದ್ದೂ ಬಟ್ಟೆ ಒಗೆಯುವಾಗ. ಗಂಡನಿಗೆ ಹೇಳಿದರೆ ಏನೆಂದುಕೊಳ್ಳುತ್ತಾನೋ ಎಂಬ ಅಂಜಿಕೆ, ಪುರುಷ ಡಾಕ್ಟರರ ಮುಂದೆ ಮಲಗಬೇಕಲ್ಲ ಎಂಬ ನಾಚಿಕೆ, ದೇವರಿಗೆ ಹೇಳಿಕೊಂಡರೆ ಹೋದೀತು ಎಂಬ ಆಸೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ರೋಗ ಮೂತ್ರಕೋಶದವರೆಗೆ ಹಬ್ಬಿತ್ತು. ಆ ಮನುಷ್ಯ ರಜೆ ಚೀಟಿಯಲ್ಲಿ ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟು ಕೊಡುತ್ತಿದ್ದರು. ನಾನು ಕೇಳಲಿಲ್ಲ. ಕೇಳುವ ರೂಢಿ ಅಂದು ಯಾರಿಗೂ ಇರಲಿಲ್ಲ.

ಬಸವಾದಿ ಶರಣರು ತಿರಸ್ಕರಿಸಿದ ಐದು ಸೂತಕಗಳಲ್ಲಿ ರಜಸ್ಸಿನ ಸೂತಕವೂ ಒಂದು. ಇಷ್ಟಲಿಂಗ ಧರಿಸಿದ ಹೆಣ್ಣಿಗೆ ತಿಂಗಳ ಆ ಮೂರು ದಿನವೂ ಪೂಜೆಯ ಅಧಿಕಾರವಿದೆ. ಇದನ್ನು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮದೇ ಎಷ್ಟು ಮನೆಗಳಲ್ಲಿ ಇಂದಿಗೂ ಮುಟ್ಟಾದ ಮಗಳು ಪಡಸಾಲೆಯ ಮೂಲೆಯಲ್ಲಿ ಕೂರುತ್ತಾಳೆ ಎಂಬುದನ್ನು ಓದುಗರೇ ಬಲ್ಲರು. ಮುಟ್ಟನ್ನು ಮೈಲಿಗೆ ಎಂದು ಕಲಿತು ಬೆಳೆದ ಹುಡುಗಿ ಮುಂದೆ ಬಿಳಿಸೆರಗು ಹೆಚ್ಚಾದರೂ, ದುರ್ವಾಸನೆ ಬಂದರೂ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಕಂಡರೂ ಬಾಯಿ ಬಿಡುವುದಿಲ್ಲ. ಸೂತಕವನ್ನು ಅಲ್ಲಗಳೆದ ಧರ್ಮದವರಲ್ಲಿ ಆ ಬಾಯಿ ಬೇರೆಯವರಿಗಿಂತ ಮೊದಲು ತೆರೆಯಬೇಕಿತ್ತು.

ಮೇಲೆ ಹೇಳಿದ ಲಕ್ಷಣಗಳು, ಎರಡು ಮುಟ್ಟಿನ ನಡುವೆ ರಕ್ತ ಹೋಗುವುದು, ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಅದು, ಇವುಗಳಿಗೆ ತಡಮಾಡದೆ ವೈದ್ಯರಲ್ಲಿ ಹೋಗಬೇಕು. ಆದರೆ ಲಕ್ಷಣಕ್ಕಾಗಿ ಕಾಯುತ್ತ ಕೂರುವಂತಿಲ್ಲ. ಆರಂಭದಲ್ಲಿ ಈ ರೋಗಕ್ಕೆ ಲಕ್ಷಣವೇ ಇರುವುದಿಲ್ಲ. ಅದಕ್ಕೇ ತಪಾಸಣೆ. ಭಾರತ ಸರ್ಕಾರದ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ಆಗಬೇಕು. ಪರೀಕ್ಷೆ ಬಹಳ ಸರಳ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚುತ್ತಾರೆ. ಅಡುಗೆಗೆ ಬಳಸುವ ವಿನಿಗರ್ ಇದೆಯಲ್ಲ, ಅದರ ಹದ. ಒಂದು ನಿಮಿಷ ಬಿಟ್ಟು ನೋಡಿದರೆ ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗೆ ಕಾಣುತ್ತದೆ. ತರಬೇತಿ ಪಡೆದ ದಾದಿಯರೇ ಮಾಡಬಲ್ಲರು, ಯಂತ್ರ ಬೇಡ. ಬಿಳಿ ಮಚ್ಚೆ ಕಂಡಿತೆಂದರೆ ಕ್ಯಾನ್ಸರ್ ಎಂದು ಎದೆಗುಂದಬೇಕಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅದು ಕ್ಯಾನ್ಸರಿನ ಮುಂಚಿನ ಹಂತವೆಂದು ಗೊತ್ತಾದರೆ ಆ ಜಾಗವನ್ನಷ್ಟೇ ಹೆಪ್ಪುಗಟ್ಟಿಸಿ ಇಲ್ಲವೆ ಶಾಖ ಕೊಟ್ಟು ನಾಶ ಮಾಡುತ್ತಾರೆ. ಹೆಚ್ಚಿನವರು ಅಂದೇ ಮನೆಗೆ ಬರಬಹುದು. ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಹಳೆಯದು. ವೈರಾಣುವನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಹೊಸದು, ಹೆಚ್ಚು ನಂಬಿಕಸ್ತವಾದದ್ದು. ಅದಕ್ಕೆ ಬೇಕಾದ ಮಾದರಿಯನ್ನು ಹೆಣ್ಣುಮಗಳು ತಾನೇ, ಮರೆಯಲ್ಲಿ, ತೆಗೆದುಕೊಡಬಹುದು. ನಾಚಿಕೆಯೇ ಅಡ್ಡಿಯಾದವರಿಗೆ ಇದು ದೊಡ್ಡ ಅನುಕೂಲ.

ಇದೆಲ್ಲ ಪುಸ್ತಕದ ಮಾತೆಂದು ಯಾರಾದರೂ ಅಂದುಕೊಂಡರೆ ಎರಡು ಊರಿನ ಲೆಕ್ಕ ಕೊಡುತ್ತೇನೆ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರಿಂದಲೇ ಎರಡು ವರ್ಷಕ್ಕೊಮ್ಮೆ ಈ ಅಸಿಟಿಕ್ ಆಮ್ಲದ ಪರೀಕ್ಷೆ ಮಾಡಿಸಿದರು. ಹನ್ನೆರಡು ವರ್ಷದ ಕೊನೆಗೆ ಆ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ತಗ್ಗಿತ್ತು. ಇನ್ನೊಂದು ಊರು ನಮಗೆ ಇನ್ನೂ ಹತ್ತಿರದ್ದು. ಬೀದರ್, ಕಲಬುರಗಿ ಜಿಲ್ಲೆಗಳ ಗಡಿಗೆ ಹೊಂದಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ. ಅಲ್ಲಿನ ಹಳ್ಳಿಗಳ 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ 1999ರಲ್ಲಿ ಶುರುವಾದ ಅಧ್ಯಯನದ ಫಲ 2009ರಲ್ಲಿ ಪ್ರಕಟವಾಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲೂ ಎಂಟು ವರ್ಷದಲ್ಲಿ ಸಾವು ಅರ್ಧದಷ್ಟಕ್ಕೆ ಇಳಿದಿತ್ತು. ಪರೀಕ್ಷೆಯಿಲ್ಲದೆ ಬಿಟ್ಟ ಗುಂಪಿನಲ್ಲಿ ಸತ್ತವರ ಬಗ್ಗೆ ಮುಂದೆ ನೈತಿಕ ಪ್ರಶ್ನೆಗಳು ಎದ್ದವು, ಏಳಬೇಕಾದದ್ದೇ. ಆದರೆ ಆ ತಾಯಂದಿರ ಲೆಕ್ಕದಿಂದ ಜಗತ್ತು ಕಲಿಯಿತು. ಗಡಿಯ ಈಚೆಗಿನ ನಾವು ಕಲಿತೆವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ, 1.9. ನೆರೆಯ ತಮಿಳುನಾಡಿನಲ್ಲಿ ಹತ್ತರ ಹತ್ತಿರ. ನಮ್ಮ ರಾಜ್ಯ ದೇಶದ ಆ ಬಡ ಸರಾಸರಿಗಿಂತಲೂ ಕೆಳಗಿದೆ.

ತಪಾಸಣೆ ಇಲ್ಲದ ಕಡೆ ಹೆದರಿಕೆ ವ್ಯಾಪಾರವಾಗುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾ, ಹಳ್ಳಿಗಳಲ್ಲಿ ಬಿಳಿಸೆರಗು, ಸೊಂಟನೋವು ಎಂದು ಹೋದ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನೇ ತೆಗೆದ ಸಂಗತಿ 2015ರ ಸುಮಾರಿಗೆ ಬಯಲಾಯಿತು. ಅವರಲ್ಲಿ ಅನೇಕರಿಗೆ ಇನ್ನೂ ಮೂವತ್ತೈದೂ ತುಂಬಿರಲಿಲ್ಲ. ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂಬ ಒಂದು ಮಾತೇ ಅವರನ್ನು ಆಪರೇಷನ್ ಟೇಬಲ್ಲಿಗೆ ಏರಿಸಿತ್ತು. ಬಿಳಿಸೆರಗಿಗೆ ಹೆಚ್ಚಿನ ಸಲ ಕಾರಣ ಸಾಮಾನ್ಯ ಸೋಂಕು, ಗುಳಿಗೆಯಲ್ಲಿ ವಾಸಿಯಾಗುವಂಥದ್ದು. ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಅದರ ಔಷಧಿ ಉಚಿತ, ಗಂಡನಿಗೂ ಜೊತೆಗೇ ಕೊಡಬೇಕಾದಾಗ ಕೊಡುತ್ತಾರೆ. ಯಾರಾದರೂ ಗರ್ಭಕೋಶ ತೆಗೆಸಿ ಎಂದರೆ ಗರ್ಭಕಂಠದ ಪರೀಕ್ಷೆಯ ವರದಿ ಎಲ್ಲಿ ಎಂದು ಮೊದಲು ಕೇಳಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ಇನ್ನು ಲಸಿಕೆ. ಇದು ತಾಯಂದಿರಿಗಿಂತ ಹೆಣ್ಣುಮಕ್ಕಳ ವಿಷಯ. ವೈರಾಣು ಹೊಕ್ಕ ಮೇಲೆ ಲಸಿಕೆ ಅದನ್ನು ಓಡಿಸಲಾರದು. ಹೊಗುವ ಮುಂಚೆಯೇ ಕೊಟ್ಟರೆ ತಡೆಯುತ್ತದೆ. 9ರಿಂದ 14ರ ವಯಸ್ಸು ಎಂದು ಹೇಳುವುದು ಇದಕ್ಕೇ. ಅದರಲ್ಲಿ ಜೀವಂತ ವೈರಾಣು ಇಲ್ಲ, ವೈರಾಣುವಿನ ಹೊರಚಿಪ್ಪಿನಂಥ ಪ್ರೋಟೀನ್ ಮಾತ್ರ. ತಿರುಳಿಲ್ಲದ ತೆಂಗಿನ ಚಿಪ್ಪು ಇದ್ದಂತೆ, ಅದರಿಂದ ಸಸಿ ಹುಟ್ಟುವುದಿಲ್ಲ. ದೇಹ ಆ ಚಿಪ್ಪಿನ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಇದರಿಂದ ಬಂಜೆತನ ಬರುತ್ತದೆ ಎಂಬ ಸುದ್ದಿ ಊರೂರು ಅಲೆಯುತ್ತಿದೆ. ಅದಕ್ಕೆ ಆಧಾರವಿಲ್ಲ. ಆಸ್ಟ್ರೇಲಿಯಾ 2007ರಿಂದ ಬಾಲಕಿಯರಿಗೆ, 2013ರಿಂದ ಬಾಲಕರಿಗೂ ಕೊಡುತ್ತಿದೆ. ಸ್ಕಾಟ್ಲೆಂಡಿನಲ್ಲಿ 2008ರಿಂದ ಲಸಿಕೆ ಶುರುವಾಯಿತು. ಅಲ್ಲಿ 12–13ರ ವಯಸ್ಸಿನಲ್ಲಿ ಲಸಿಕೆ ಪಡೆದ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಗರ್ಭಕಂಠದ ಕ್ಯಾನ್ಸರ್ ಬಂದಿಲ್ಲ ಎಂಬ ವರದಿ 2024ರಲ್ಲಿ ಬಂತು. ನಮ್ಮಲ್ಲೇ ಸಿಕ್ಕಿಂ ಸರ್ಕಾರ 2018ರಲ್ಲಿ ಶಾಲೆಗಳ ಮೂಲಕ ಬಹುಪಾಲು ಬಾಲಕಿಯರಿಗೆ ಕೊಟ್ಟು ತೋರಿಸಿತು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಎಂಬ ದೇಶೀ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ.

ಮದುವೆಗೆ ಮುಂಚೆ ಇಂಥ ಲಸಿಕೆ ಕೊಟ್ಟರೆ ಮಕ್ಕಳು ದಾರಿ ತಪ್ಪುವುದಿಲ್ಲವೇ ಎಂದು ಕೇಳುವ ತಂದೆತಾಯಿಗಳಿದ್ದಾರೆ. ಹೆಪಟೈಟಿಸ್ ಬಿ ಎಂಬ ಸೋಂಕೂ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಅದರ ಲಸಿಕೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಗು ಹುಟ್ಟಿದ ದಿನವೇ ಹಾಕುತ್ತಾರೆ. ತೊಟ್ಟಿಲ ಮಗು ಅದರಿಂದ ದಾರಿ ತಪ್ಪಿತೆಂದು ಯಾವ ಅಜ್ಜಿಯೂ ದೂರಿದ್ದಿಲ್ಲ.

ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ, ವಸತಿ ಶಾಲೆಗಳಲ್ಲಿ ಸಾವಿರಾರು ಬಾಲಕಿಯರಿದ್ದಾರೆ, ಸರಿಯಾಗಿ ಈ ವಯಸ್ಸಿನವರು. ಶಿಬಿರ ಮಾಡಿ ಒಂದೇ ದಿನ ಎಲ್ಲರಿಗೂ ಹಾಕಿಸಿಬಿಡೋಣ ಎಂಬ ಉತ್ಸಾಹ ಪೂಜ್ಯರಿಗೂ ದಾನಿಗಳಿಗೂ ಬರುವುದು ಸಹಜ. ಅಲ್ಲಿ ಸ್ವಲ್ಪ ತಡೆದು ಖಮ್ಮಂ ಜಿಲ್ಲೆಯನ್ನು ನೆನೆಯಬೇಕು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ, ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪ್ರಾಯೋಗಿಕ ಯೋಜನೆಯೊಂದರಲ್ಲಿ ಸಾವಿರಾರು ಬಾಲಕಿಯರಿಗೆ ಈ ಲಸಿಕೆ ಹಾಕಿದರು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ ಏಳು ಮಂದಿ ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸರ್ಕಾರದ ತನಿಖೆಯಲ್ಲಿ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ನೀರಲ್ಲಿ ಮುಳುಗಿದ್ದು, ಹಾವು ಕಚ್ಚಿದ್ದು, ವಿಷ ಕುಡಿದದ್ದು ಇಂಥ ಕಾರಣಗಳಿದ್ದವು. ಆದರೆ ತನಿಖೆಯಲ್ಲಿ ಬೇರೊಂದು ಸಂಗತಿ ಸಿಕ್ಕಿತು. ಬುಡಕಟ್ಟು ಮಕ್ಕಳ ವಸತಿ ಶಾಲೆಗಳಲ್ಲಿ ಅನೇಕ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. ಮನೆಯವರಿಗೆ ಸುದ್ದಿಯೇ ಇರಲಿಲ್ಲ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಆ ವಾರ್ಡನ್‌ಗಳ ಸಹಿಯಿಂದ ಹುಟ್ಟಿದ ಅನುಮಾನ ಈ ದೇಶದಲ್ಲಿ ಲಸಿಕೆಯನ್ನು ವರ್ಷಗಟ್ಟಲೆ ಹಿಂದೆ ತಳ್ಳಿತು ಎಂಬುದು ನನ್ನ ಅಭಿಪ್ರಾಯ. ಅಷ್ಟು ವರ್ಷದಲ್ಲಿ ಲಸಿಕೆಯ ವಯಸ್ಸು ದಾಟಿಹೋದ ಹುಡುಗಿಯರ ಲೆಕ್ಕ ಯಾರಿಟ್ಟಿದ್ದಾರೆ?

ಹಾಗೆ ಕೆಲಸ ನಿಂತುಹೋದದ್ದರಿಂದ ಒಂದು ವಿಚಿತ್ರ ಲಾಭವೂ ಆಯಿತು. ಅದೇ ಹೊತ್ತಿಗೆ ದೇಶದ ಬೇರೆ ಕೇಂದ್ರಗಳಲ್ಲಿ ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ಇನ್ನೊಂದು ಅಧ್ಯಯನ ನಡೆದಿತ್ತು. ಸರ್ಕಾರದ ಆದೇಶದಿಂದ ಅದೂ ನಡುವೆಯೇ ನಿಂತಾಗ ಸಾವಿರಾರು ಹುಡುಗಿಯರು ಒಂದೇ ಡೋಸಿಗೆ ಉಳಿದರು. ಸಂಶೋಧಕರು ಅವರ ಕೈ ಬಿಡಲಿಲ್ಲ, ಹತ್ತು ವರ್ಷ ಹಿಂಬಾಲಿಸಿ ನೋಡಿದರು. 16 ಮತ್ತು 18ರ ಬಗೆಯ ನೆಲೆಯೂರುವ ಸೋಂಕಿನಿಂದ ಒಂದೇ ಡೋಸ್ ಕೂಡ ನೂರಕ್ಕೆ 95ರಷ್ಟು ರಕ್ಷಣೆ ಕೊಟ್ಟಿತ್ತು, ಎರಡು ಮೂರು ಡೋಸಿನವರಿಗೆ ಸಮನಾಗಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಸಾಕಾಗಬಹುದು ಎಂದು ಹೇಳಲು ನೆರವಾದ ಆಧಾರಗಳಲ್ಲಿ ಇದೂ ಒಂದು. ಖರ್ಚು ತಗ್ಗಿತು. ಅರ್ಧಕ್ಕೆ ನಿಂತ ಕಾಮಗಾರಿಯಿಂದ ಇಷ್ಟು ಒಳ್ಳೆಯ ಫಲ ಬಂದದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ!

ಆದ್ದರಿಂದ ಮಠಗಳ ಆಡಳಿತದವರಲ್ಲಿ ನನ್ನ ವಿನಂತಿ ಖಚಿತವಾದದ್ದು. ವಾರ್ಡನ್ ಆಗಲಿ, ಮುಖ್ಯೋಪಾಧ್ಯಾಯರಾಗಲಿ, ಪೂಜ್ಯರೇ ಆಗಲಿ ಮಗುವಿನ ಪರವಾಗಿ ಸಹಿ ಹಾಕಕೂಡದು. ರಜೆಗೆ ಮಕ್ಕಳನ್ನು ಕರೆದೊಯ್ಯಲು ತಂದೆತಾಯಿ ಬರುತ್ತಾರಲ್ಲ, ಅಂದು ಅರ್ಧ ಗಂಟೆ ಕೂರಿಸಿ, ತಾಲ್ಲೂಕಿನ ವೈದ್ಯೆಯನ್ನು ಕರೆಸಿ, ಕನ್ನಡದಲ್ಲಿ ತಿಳಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡಿಸಿ. ಹುಡುಗಿಗೂ ಅವಳ ವಯಸ್ಸಿಗೆ ತಕ್ಕಂತೆ ಹೇಳಬೇಕು. ಬೇಡವೆಂದವರನ್ನು ಪ್ರಸಾದ ನಿಲಯದಲ್ಲಿ ಬೇರೆಯಾಗಿ ಕಾಣಬಾರದು. ಸರ್ಕಾರದ ಉಚಿತ ಲಸಿಕೆ ನಿಮ್ಮ ತಾಲ್ಲೂಕಿಗೆ, ಯಾವ ವಯಸ್ಸಿನವರಿಗೆ ಸಿಗುತ್ತದೆ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೊಳ್ಳಿ. ಹೊರಗೆ ಕೊಳ್ಳುವುದಾದರೆ ಒಂದೊಂದು ಡೋಸಿಗೂ ಸಾವಿರಗಳ ಲೆಕ್ಕ, ಬಡ ಮಕ್ಕಳಿಗೆ ಅದು ದಾಸೋಹದಿಂದಲೇ ಆಗಬೇಕು. ಲಸಿಕೆ ಆದವರಿಗೂ ಮುಂದೆ ಮೂವತ್ತು ತುಂಬಿದಾಗ ತಪಾಸಣೆ ತಪ್ಪುವುದಿಲ್ಲ, ಏಕೆಂದರೆ ಲಸಿಕೆ ಎಲ್ಲ ಬಗೆಯ ವೈರಾಣುಗಳನ್ನೂ ತಡೆಯುವುದಿಲ್ಲ. ಹದಿಹರೆಯದವರು ಮುಟ್ಟು, ಮೈ ಬದಲಾವಣೆ, ಸೋಂಕುಗಳ ಬಗ್ಗೆ ಕೇಳಲು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಗಂಡು ಮಕ್ಕಳನ್ನೂ ಕಳಿಸಿ.

ಕೊನೆಗೊಂದು ಗುಂಪಿನವರನ್ನು ಮರೆಯಬಾರದು. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ ಆರು ಪಟ್ಟು ಹೆಚ್ಚು, ಅದು ಬೇಗ ಬಲಿಯುತ್ತದೆ ಕೂಡ. ಅವರ ತಪಾಸಣೆ ಮೂವತ್ತಕ್ಕೆ ಕಾಯದೆ 25ರಿಂದಲೇ ಶುರುವಾಗಬೇಕು. ಬೆಳಗಾವಿ, ಬಾಗಲಕೋಟೆ ಕಡೆಯ ಎಷ್ಟೋ ಹಳ್ಳಿಗಳಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕಿ ಬಂದ ತಾಯಂದಿರೂ, ಗಂಡಂದಿರಿಂದ ಎಚ್‌ಐವಿ ತಗುಲಿದ ವಿಧವೆಯರೂ ಇದ್ದಾರೆ. ಮಠದ ಆರೋಗ್ಯ ಶಿಬಿರಕ್ಕೆ ಅವರು ಬರಲು ಹಿಂಜರಿಯುತ್ತಾರೆ. ಸೂಳೆ ಸಂಕವ್ವೆಯ ಹೆಸರನ್ನು ವಚನಕಾರ್ತಿಯರ ಸಾಲಿನಲ್ಲಿ ಉಳಿಸಿಕೊಂಡು ಬಂದವರು ನಾವು. ಶಿಬಿರದ ಮೊದಲ ಚೀಟಿಯನ್ನು ಅಂಥವರ ಮನೆಗೆ ಒಯ್ದು ಕೊಡುವ ಕೆಲಸವನ್ನು ಅಕ್ಕನ ಬಳಗದವರು ವಹಿಸಿಕೊಳ್ಳಲಿ.

ಮುಂದಿನ ತಿಂಗಳ ಶಿವಾನುಭವ ಗೋಷ್ಠಿಗೆ ಉಪನ್ಯಾಸದ ವಿಷಯ ಗೊತ್ತುಮಾಡುವ ಬಂಧುಗಳು ಒಬ್ಬ ಸ್ತ್ರೀರೋಗ ತಜ್ಞೆಯನ್ನು ಕರೆಯಬಹುದು. ಗಂಡಸರನ್ನು ಹೊರಗೆ ಕಳಿಸದೆ ಎಲ್ಲರೆದುರು ಮಾತಾಡಿಸಿ, ಆಮೇಲೆ ಹೆಣ್ಣುಮಕ್ಕಳಿಗೆ ಬೇರೆ ಸಮಯ ಕೊಡಿ. ತಪಾಸಣೆಯ ಶಿಬಿರ ಮಾಡುವುದಾದರೆ ಮರೆಯಿರುವ ಕೋಣೆ, ನೀರು, ಮಹಿಳಾ ಸಿಬ್ಬಂದಿ ಇವು ಮೊದಲು ಸಿದ್ಧವಾಗಬೇಕು. ಬಿಳಿ ಮಚ್ಚೆ ಕಂಡವರನ್ನು ಜಿಲ್ಲಾ ಆಸ್ಪತ್ರೆಗೆ, ಅಗತ್ಯವಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಇಲ್ಲವೆ ಅದರ ಕಲಬುರಗಿ ಕೇಂದ್ರಕ್ಕೆ ಕರೆದೊಯ್ಯುವವರು ಯಾರು ಎಂಬುದನ್ನೂ ಶಿಬಿರದ ದಿನಾಂಕ ಗೊತ್ತುಮಾಡುವಾಗಲೇ ಹೆಸರು ಹಿಡಿದು ಬರೆದಿಡಿ. ಕರೆದೊಯ್ಯುವವರಿಲ್ಲದಿದ್ದರೆ ಶಿಬಿರವನ್ನು ಒಂದು ತಿಂಗಳು ಮುಂದೂಡುವುದೇ ಲೇಸು.